ನಿವೃತ್ತ ಡೀನ್ ಆಗಿದ್ದ ತಂದೆಯವರ ಸ್ಮರಣ ಪುಸ್ತಿಕೆ: ಎಲ್ಲಿಂದ ಶುರು ಮಾಡಲಿ?

1974ರಲ್ಲಿ ಧಾರವಾಡದ ಕೃಷಿ ಕಾಲೇಜಿಗೆ ಸೇರಿ ಡೀನ್ ಆಗಿ ನಿವೃತ್ತರಾದ ತಂದೆಯವರ ಮೊದಲ ಪುಣ್ಯತಿಥಿಗೆ ಪುಸ್ತಿಕೆ ತರಬೇಕು, ಕೈಯಲ್ಲಿ ಬಯೋಡೇಟಾ ಮಾತ್ರ ಇದೆ ಅಂತ ಕೇಳಿದ್ದೀರಿ. ಆ ಬಯೋಡೇಟಾ ಕೊನೇ ಪುಟಕ್ಕಿರಲಿ. ಅದನ್ನೂ ಹಾಗೇ ನಂಬಬೇಡಿ.

ಮೊದಲು ಪಿಂಚಣಿ ಆದೇಶ ಹುಡುಕಿ. ಸೇರಿದ ದಿನ, ನಿವೃತ್ತಿಯ ದಿನ, ಕೊನೆಯ ಹುದ್ದೆ ಅದರಲ್ಲಿ ಸಿಗುತ್ತವೆ. ಜನ್ಮದಿನ ಜೂನ್ 1 ಅಂತಿದ್ದರೆ ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದಿರಬಹುದು. ಮನೆಯಲ್ಲಿ ಜಾತಕವಿದ್ದರೆ ತಾಳೆ ನೋಡಿ. ತಿಂಗಳ 1ನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತರಾಗುತ್ತಾರೆ, ಹಾಗಾಗಿ ಮೇ 31 ಕಂಡರೆ ತಪ್ಪು ಅಂತ ತಿದ್ದಬೇಡಿ.

ಬಹಳ ಜನ ಎಡವುವುದು ಸಂಸ್ಥೆಯ ಹೆಸರಿನಲ್ಲಿ. ಧಾರವಾಡದ ಕೃಷಿ ಕಾಲೇಜು 1947ರದ್ದು, ಆದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯ ಶುರುವಾದದ್ದು 1986ರ ಅಕ್ಟೋಬರ್ 1ರಂದು. 1974ರಲ್ಲಿ ನೇಮಕ ಮಾಡಿಕೊಂಡದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಯವರಿಗೂ ಇದೇ ಗೋಜಲು: 1980ಕ್ಕೆ ಮೊದಲು ಅದು ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ. ಹಳೇ ಸಹೋದ್ಯೋಗಿಗಳು ಓದುವ ಪುಸ್ತಕವಿದು, ಮೊದಲ ಪುಟದಲ್ಲೇ ಇಂಥದ್ದು ಕಣ್ಣಿಗೆ ಬೀಳುತ್ತದೆ.

ಇನ್ನು ನಿಜವಾದ ಸರಕು ಇರುವುದು ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಗಳಲ್ಲಿ. ಕೃಷಿ ವಿವಿಗಳ ಪ್ರಬಂಧಗಳನ್ನು ‘ಕೃಷಿಕೋಶ’ ಜಾಲತಾಣದಲ್ಲಿ ಹುಡುಕಬಹುದು. ತಂದೆಯವರ ಇನಿಷಿಯಲ್ ಹೆಸರಿನ ಹಿಂದೊಮ್ಮೆ ಮುಂದೊಮ್ಮೆ ಇರುತ್ತದೆ, ಇಂಗ್ಲಿಷ್ ಕಾಗುಣಿತವೂ ಬದಲಾಗಿರುತ್ತದೆ. ಎಲ್ಲ ರೀತಿಯಲ್ಲೂ ಹಾಕಿ ನೋಡಿ. ಹಳೆಯವು ಸಿಗದಿದ್ದರೆ ವಿವಿ ಗ್ರಂಥಾಲಯಕ್ಕೇ ಹೋಗಬೇಕು. ಪ್ರಮಾಣಪತ್ರದ ಪುಟದಲ್ಲಿ ತಂದೆಯವರು ಪ್ರಧಾನ ಮಾರ್ಗದರ್ಶಕರೋ, ಸಲಹಾ ಸಮಿತಿಯ ಸದಸ್ಯರೋ ಅಂತ ನೋಡಿ. ಎರಡನ್ನೂ ಕೂಡಿಸಿ ‘ಇಷ್ಟು ಜನಕ್ಕೆ ಪಿಎಚ್.ಡಿ. ಮಾಡಿಸಿದರು’ ಅಂತ ಬರೆದರೆ ಲೆಕ್ಕ ಉಬ್ಬುತ್ತದೆ. ಹೊಸ ತಳಿ ಬಿಡುಗಡೆಯಾಗಿದ್ದರೂ ಅಷ್ಟೇ: ಅದು ತಂಡದ ಕೆಲಸ, ‘ತಂಡದಲ್ಲಿದ್ದರು’ ಅನ್ನಿ. ಆಮೇಲೆ ಕೃತಜ್ಞತೆಯ ಪುಟ ಓದಿ. ಮುಕ್ಕಾಲು ಪಾಲು ಔಪಚಾರಿಕವೇ. ಆದರೆ ನಡುನಡುವೆ, ಪ್ರಯೋಗದ ಪ್ಲಾಟ್‌ಗೆ ಬೆಳಿಗ್ಗೆ ಎಷ್ಟು ಗಂಟೆಗೆ ಬರುತ್ತಿದ್ದರು, ಕರಡು ಎಷ್ಟು ಸಲ ತಿದ್ದಿಸಿದರು ಎಂಬಂಥ ಸಾಲು ಸಿಗುತ್ತವೆ.

ಆ ಸಾಲು ಹಿಡಿದೇ ಅದನ್ನು ಬರೆದ ವಿದ್ಯಾರ್ಥಿಗೆ ಫೋನ್ ಮಾಡಿ. ‘ಸರ್ ಬಗ್ಗೆ ನಾಲ್ಕು ಮಾತು ಬರೆದುಕೊಡಿ’ ಅಂದರೆ ‘ಸರಳ ಸಜ್ಜನಿಕೆಯ ಮೂರ್ತಿ’ ಬಂದೇ ಬರುತ್ತದೆ. ಬದಲಿಗೆ ಹೀಗೆ ಕೇಳಿ: ಹೊಲದಲ್ಲಿ ಮೊದಲು ಏನು ನೋಡುತ್ತಿದ್ದರು? ಯಾವ ಕಾಗದಕ್ಕೆ ಸಹಿ ಹಾಕಲ್ಲ ಅಂದರು? ಹಾಸ್ಟೆಲ್ ಗಲಾಟೆ ಆದಾಗ ಏನು ಮಾಡಿದರು? ಡೀನ್‌ಗಿರಿಯ ಬಹುಪಾಲು ಹಾಜರಾತಿ ಕೊರತೆ, ಮೆಸ್ ಬಿಲ್ಲು, ವೇಳಾಪಟ್ಟಿಯ ಜಗಳ. ಅದು ಗೊತ್ತಿರುವುದು ಪ್ರಾಧ್ಯಾಪಕರಿಗಿಂತ ಕಚೇರಿಯ ಸೂಪರಿಂಟೆಂಡೆಂಟ್‌ಗೆ, ಅಟೆಂಡರ್‌ಗೆ, ಚಾಲಕರಿಗೆ. ಅವರನ್ನು ಮೊದಲು ಮಾತಾಡಿಸಿ, ಹೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟುಬಿಡಿ.

ಫೋಟೋಗಳನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಲು ಹೇಳಿ, ಇಲ್ಲದಿದ್ದರೆ ಕುಗ್ಗಿ ಬರುತ್ತವೆ. 4 ಇಂಚು ಅಗಲ ಅಚ್ಚಾಗಲು 1200 ಪಿಕ್ಸೆಲ್ ಬೇಕು. ಗುಂಪು ಚಿತ್ರವಾದರೆ ಎಡದಿಂದ ಬಲಕ್ಕೆ ಎಲ್ಲರ ಹೆಸರೂ ಈಗಲೇ ಬರೆಸಿಕೊಳ್ಳಿ.