ವಿಮಾನ ಹಾರಿಸುವ ಸಿಮ್ಯುಲೇಟರ್ ಆಟದಲ್ಲಿ 40,000 ಅಡಿ ಮೇಲಿನ ಜು 86 (ಎರಡನೇ ಮಹಾಯುದ್ಧದ ಜರ್ಮನ್ ಬಾಂಬರ್) ಕೈಗೆ ಸಿಗುತ್ತಿಲ್ಲ. ಆಟದಲ್ಲಿ ಇನ್ನೂ ದೊಡ್ಡ ಎಂಜಿನ್ ಇರುವ ಸ್ಪಿಟ್‌ಫೈರ್ (ಬ್ರಿಟಿಷ್ ಯುದ್ಧವಿಮಾನ) ಕೊಳ್ಳಲಾ?

ಬೇಡ. ಸುಮ್ನೆ ದುಡ್ಡು ದಂಡ. ನಾನೂ ಎರಡು ವಾರ ಎಂಜಿನ್ನನ್ನೇ ಬೈದುಕೊಂಡು ಕೂತಿದ್ದೆ.

ಊಟ ಮುಗಿಸಿ ಕೂತರೆ ಮೇಲೇರುವುದಕ್ಕೇ ಅರ್ಧ ಗಂಟೆ. ಒಂದು ರಾತ್ರಿ ಕೊನೆಗೂ ಕಾಣಿಸಿತು. ಉದ್ದನೆ ರೆಕ್ಕೆ, ನನಗಿಂತ ಸ್ವಲ್ಪ ಕೆಳಗೆ. ಅದು ಎಡಕ್ಕೆ ವಾಲಿತು. ನಾನೂ ಎಡಕ್ಕೆ ವಾಲಿಸಿ ಸ್ಟಿಕ್ಕನ್ನು ಹೊಟ್ಟೆ ಕಡೆಗೆ ಎಳೆದೆ.

ಕೆಟ್ಟಿದ್ದು ಅಲ್ಲೇ. ಹತ್ತು ಸಾವಿರ ಅಡಿಯಲ್ಲಿ ಹಾಗೆ ಎಳೆದರೆ ಸ್ಪಿಟ್‌ಫೈರ್ ಹೇಳಿದ ಹಾಗೆ ಕೇಳುತ್ತದೆ. 40,000 ಅಡಿಯಲ್ಲಿ ಗಾಳಿ ನೆಲದ ಮಟ್ಟದ ಕಾಲು ಭಾಗದಷ್ಟೇ ದಟ್ಟ. ವೇಗದ ಮೀಟರ್ ಗಂಟೆಗೆ 130 ಮೈಲಿ ತೋರಿಸಿದರೆ ನಿಜವಾದ ವೇಗ ಅದರ ಎರಡರಷ್ಟು. ಆದರೆ ರೆಕ್ಕೆಯ ಲೆಕ್ಕಕ್ಕೆ ಬರುವುದು ಆ 130 ಮಾತ್ರ. ತಿರುವಿನಲ್ಲಿ ಎಳೆದಷ್ಟೂ ರೆಕ್ಕೆ ಹೊರಬೇಕಾದ ಭಾರ ಜಾಸ್ತಿ, ಹೊರುವುದಕ್ಕೆ ಗಾಳಿಯೇ ಇಲ್ಲ! ವಿಮಾನ ಗಡಗಡ ನಡುಗಿತು, ಒಂದು ರೆಕ್ಕೆ ಕುಸಿಯಿತು, ಬುಗುರಿ ಥರ ಸುತ್ತುತ್ತಾ 8,000 ಅಡಿ ಕೆಳಗೆ ಬಂದೆ. ಮತ್ತೆ ಏರುವಷ್ಟರಲ್ಲಿ ಅದು ಸಮುದ್ರ ದಾಟಿತ್ತು.

ನಿಜವಾದ ಯುದ್ಧದಲ್ಲೂ ಎಂಜಿನ್ ಕೈಕೊಟ್ಟಿರಲಿಲ್ಲ. 1942ರ ಸೆಪ್ಟೆಂಬರ್ 12, ಇಂಗ್ಲೆಂಡಿನ ಸೌತಾಂಪ್ಟನ್ ಕಡೆ. ಲಂಡನ್ ಹತ್ತಿರದ ನಾರ್ತೋಲ್ಟ್ ವಾಯುನೆಲೆಯಿಂದ ಹೊರಟ ಬ್ರಿಟಿಷ್ ವಾಯುಪಡೆಯ ಪೈಲಟ್ ಇಮ್ಯಾನುಯೆಲ್ ಗ್ಯಾಲಿಟ್ಸಿನ್ ಹತ್ತಿರ ಇದ್ದದ್ದು ಹಗುರ ಮಾಡಿದ ಸ್ಪಿಟ್‌ಫೈರ್ 9. ರಕ್ಷಾಕವಚ ಇಲ್ಲ, ಮೆಷಿನ್ ಗನ್ ಇಲ್ಲ, ಎರಡೇ ಕ್ಯಾನನ್ (ದೊಡ್ಡ ಗುಂಡಿನ ಗನ್). ಜು 86ರ ಜರ್ಮನ್ ಪೈಲಟ್ ಹಾರ್ಸ್ಟ್ ಗಾಟ್ಸ್ ಬಾಂಬ್ ಎಸೆದು ಹಗುರಾಗಿ, ಎಂಜಿನ್‌ಗೆ ಬಲ ಹೆಚ್ಚಿಸುವ ನೈಟ್ರಸ್ ಆಕ್ಸೈಡ್ ಬಿಟ್ಟು ಏರಿದ. ಗ್ಯಾಲಿಟ್ಸಿನ್ ಅವನಿಗಿಂತಲೂ ಮೇಲೆ ಹೋದ. ಆದರೆ ಎಡಗಡೆ ಕ್ಯಾನನ್ ನಿಂತುಹೋಯಿತು. ಬಲಗಡೆಯದನ್ನು ಮಾತ್ರ ಹಾರಿಸಿದಾಗ ಆ ಒದೆತಕ್ಕೆ ಮೂತಿಯೇ ತಿರುಗಿತು, ಗುರಿ ತಪ್ಪಿತು. ಮತ್ತೆ ಮತ್ತೆ ಮೇಲೆ ಬಿದ್ದರೂ ಅದೇ ಕಥೆ. ತಗುಲಿದ್ದು ಒಂದೇ ಗುಂಡು, ರೆಕ್ಕೆಗೆ. ಜರ್ಮನ್ನರು ಮನೆ ಸೇರಿಕೊಂಡರು. ಆದರೂ ಅಷ್ಟು ಎತ್ತರಕ್ಕೆ ಸ್ಪಿಟ್‌ಫೈರ್ ಬರುತ್ತದೆ ಅಂತ ಗೊತ್ತಾದ ಮೇಲೆ ಬ್ರಿಟನ್ ಮೇಲೆ ಜು 86 ಕಳಿಸುವುದನ್ನು ನಿಲ್ಲಿಸಿದರು.

ನೀವು ಸಾವಿರ ಅಡಿ ಮೇಲೆ ಹೋಗಿ, ಹಿಂದಿನಿಂದ ನೆಟ್ಟಗೆ ಬನ್ನಿ. ಅದು ತಿರುಗಿದರೆ ತಿರುಗಲಿ, ನೀವು ತಿರುಗಬೇಡಿ. ಮುಂದೆ ಹೋಗಿ ನಿಧಾನಕ್ಕೆ ವಾಪಸ್ ಬನ್ನಿ. ಅರ್ಧ ಸೆಕೆಂಡ್ ಗುಂಡು ಹಾರಿಸಿದರೆ ಸಾಕು. ನನಗೆ ಈಗ ಐದು ಸಲಕ್ಕೆ ಒಂದು ಸಲ ಸಿಗುತ್ತದೆ.