ಪ್ರತಿಕ್ರಿಯೆ: ತಜ್ಞರ ಅಭಿಪ್ರಾಯ ಕಡ್ಡಾಯವೇ?

ತಮ್ಮ ತಾಯಿಯವರ ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತನಾಳಕ್ಕೆ ಗಾಯವಾಗಿದೆ, ಮೂರನೆಯ ದಿನ ಕಾಮಾಲೆ ಕಾಣಿಸಿಕೊಂಡರೂ ಒಂಬತ್ತನೆಯ ದಿನ ಸ್ಕ್ಯಾನ್ ಮಾಡಿದರು, ಗ್ರಾಹಕ ಆಯೋಗಕ್ಕೆ ದೂರು ಕೊಡಲು ತಜ್ಞ ವೈದ್ಯರ ಅಭಿಪ್ರಾಯ ಬೇಕೇ ಎಂದು ಕೇಳಿದ್ದೀರಿ.

ಎಲ್ಲ ಪ್ರಕರಣಗಳಲ್ಲೂ ಬೇಕಿಲ್ಲವೆಂದು 2010ರ ವಿ. ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಮಲೇರಿಯಾ ರೋಗಿಗೆ ಟೈಫಾಯಿಡ್ ಚಿಕಿತ್ಸೆ ನೀಡಿದ್ದು ದಾಖಲೆಗಳಿಂದಲೇ ಕಾಣುತ್ತಿತ್ತು. ತಮ್ಮದು ಅಷ್ಟು ಸರಳವಲ್ಲ. ಪಿತ್ತನಾಳದ ಗಾಯ ನುರಿತ ಕೈಗಳಲ್ಲೂ ಆಗಬಹುದಾದ ತೊಡಕಾದ್ದರಿಂದ, ಗಾಯವಾಯಿತೆಂಬಷ್ಟಕ್ಕೇ ನಿರ್ಲಕ್ಷ್ಯ ಸಾಬೀತಾಗದು. ತಜ್ಞರಿಲ್ಲದೆ ಹೋಗುವುದು ದುಡುಕೆಂದೇ ನನ್ನ ಅಭಿಪ್ರಾಯ.

ಮೊದಲು ಇಡೀ ಕೇಸ್‌ಶೀಟ್‌ (ಚಿಕಿತ್ಸೆಯ ದಾಖಲೆಗಳು) ಕೋರಿ ಆಸ್ಪತ್ರೆಗೆ ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 72 ಗಂಟೆಯೊಳಗೆ ದಾಖಲೆ ಒದಗಿಸಬೇಕೆಂದು ವೈದ್ಯರ ವೃತ್ತಿನೀತಿಯ 2002ರ ನಿಯಮಾವಳಿ ಹೇಳುತ್ತದೆ. ಬಳಿಕ ಇಂಥ ಶಸ್ತ್ರಚಿಕಿತ್ಸೆಯನ್ನೇ ಮಾಡುವ, ಸಾಧ್ಯವಾದರೆ ಬೇರೆ ಊರಿನ ಸರ್ಜನ್ ಒಬ್ಬರನ್ನು ಹುಡುಕಿ (ಅದೇ ಊರಿನವರು ಪರಿಚಿತರ ವಿರುದ್ಧ ಬರೆಯಲು ಹಿಂಜರಿಯುತ್ತಾರೆ). ಅವರನ್ನು ‘ತಪ್ಪಾಗಿದೆಯೇ’ ಎಂದಷ್ಟೇ ಕೇಳಬೇಡಿ. ಕತ್ತರಿಸುವ ಮುನ್ನ ನಾಳಗಳನ್ನು ಗುರುತಿಸಿದ ಬಗ್ಗೆ ಆಪರೇಷನ್ ನೋಟ್ಸ್‌ನಲ್ಲಿ ಏನಿದೆ, ಕಾಮಾಲೆ ಕಂಡಾಗ ಸಾಧಾರಣ ಕೌಶಲವುಳ್ಳ ಸರ್ಜನ್ ಒಬ್ಬರು ಏನು ಮಾಡುತ್ತಿದ್ದರು, ಆ ಆರು ದಿನಗಳ ವಿಳಂಬದಿಂದ ಹಾನಿ ಎಷ್ಟು ಹೆಚ್ಚಿತು ಎಂಬುದಕ್ಕೆ ಕಾರಣಸಹಿತ ಉತ್ತರ ಕೇಳಿ. ಗಾಯಕ್ಕಿಂತ ಈ ವಿಳಂಬವೇ ತಮ್ಮ ಬಲವಾದ ಅಂಶವೆಂದು ನನಗೆ ತೋರುತ್ತದೆ. ಎದುರು ಪಕ್ಷ ಪ್ರಶ್ನಾವಳಿ ಕಳುಹಿಸಿದರೆ ಉತ್ತರಿಸಲು ಒಪ್ಪದ ತಜ್ಞರ ಪತ್ರಕ್ಕೆ ಹೆಚ್ಚು ತೂಕವಿರದು; ಅವರಿಂದ ಅಫಿಡವಿಟ್ ಪಡೆಯಿರಿ. ದೂರು ಸಲ್ಲಿಸಲು ಎರಡು ವರ್ಷಗಳ ಕಾಲಮಿತಿಯಿದೆ.