ಉಪವಾಸವೂ ಫಾಸ್ಟ್, ಊಟವೂ ಫಾಸ್ಟ್!

ಪ್ರಶ್ನೆ: ನಿಘಂಟಿನಲ್ಲಿ ‘ಫಾಸ್ಟ್’ ಎಂದರೆ ವೇಗ ಎಂದಿದೆ, ಉಪವಾಸ ಎಂದೂ ಇದೆ. ಹಾಗಿದ್ದರೆ ‘ಫಾಸ್ಟ್ ಫುಡ್’ ಎಂದರೇನು? ‘ಜಂಕ್ ಫುಡ್’ ಎಂದರೂ ಅದೇ ತಾನೇ? ಕನ್ನಡದಲ್ಲಿ ಏನೆನ್ನಬೇಕು?

ಉತ್ತರ: ಈ ‘ಫಾಸ್ಟ್’ ನನ್ನನ್ನೂ ಒಮ್ಮೆ ಮುಗ್ಗರಿಸಿತ್ತು. ಅನುವಾದಕ್ಕೆ ಕೈಹಾಕಿದ ಹೊಸತರಲ್ಲಿ, ಬಟ್ಟೆ ಒಗೆಯುವ ಸೂಚನೆಯೊಂದರಲ್ಲಿದ್ದ ‘ಫಾಸ್ಟ್ ಕಲರ್’ ಎಂಬುದನ್ನು ‘ಬೇಗ ಹೋಗುವ ಬಣ್ಣ’ ಎಂದು ಬರೆದುಬಿಟ್ಟೆ. ಅದರ ಅರ್ಥವೋ, ಎಷ್ಟು ಒಗೆದರೂ ಬಿಡದ ಬಣ್ಣ! ಕರಡು ತಿದ್ದುವವರ ಕಣ್ಣಿಗೆ ಬಿದ್ದದ್ದರಿಂದ ಮರ್ಯಾದೆ ಉಳಿಯಿತು.

‘ಫಾಸ್ಟ್’ ಪದದ ಹಳೆಯ ಅರ್ಥ ಗಟ್ಟಿ, ಬಿಗಿ. ಗಾಢ ನಿದ್ರೆಯಲ್ಲಿರುವವರನ್ನು ಇಂಗ್ಲಿಷಿನವರು ಇಂದಿಗೂ ‘ಫಾಸ್ಟ್ ಅಸ್ಲೀಪ್’ ಎನ್ನುತ್ತಾರೆ. ನೇಮವನ್ನು ಬಿಗಿಯಾಗಿ ಹಿಡಿಯುವುದೇ ಉಪವಾಸ. ರಾತ್ರಿಯ ಉಪವಾಸ ಮುರಿಯುವುದು ‘ಬ್ರೇಕ್‌ಫಾಸ್ಟ್’. ಗಟ್ಟಿಯಾದದ್ದು ವೇಗವಾದದ್ದು ಹೇಗೆಂದು ಬೆರಗಾಗಬೇಡಿ. ನಮ್ಮ ‘ಜೋರು’ ಮೂಲದಲ್ಲಿ ಬಲ. ‘ಜೋರಾಗಿ ಓಡಿದ’ ಎಂದಾಗ ಅದೇ ವೇಗವಾಗುತ್ತದೆ.

‘ಫಾಸ್ಟ್ ಫುಡ್’ನಲ್ಲಿರುವುದು ಈ ವೇಗ, ಅದೂ ಕೊಡುವವರ ವೇಗ. ನೀವು ಒಂದು ಗಂಟೆ ಕುಳಿತು ತಿಂದರೂ ಅದು ಫಾಸ್ಟ್ ಫುಡ್ಡೇ. 1948ರಲ್ಲಿ ಕ್ಯಾಲಿಫೋರ್ನಿಯಾದ ಮೆಕ್‌ಡೊನಾಲ್ಡ್ ಸಹೋದರರು ತಿನಿಸುಗಳ ಪಟ್ಟಿಯನ್ನು ಮೊಟಕುಗೊಳಿಸಿ, ಕಾರಿನ ಬಳಿಗೆ ತಂದುಕೊಡುವವರನ್ನು ಕೈಬಿಟ್ಟು, ಅಡುಗೆಮನೆಯನ್ನು ಕಾರ್ಖಾನೆಯ ಸಾಲಿನಂತೆ ಜೋಡಿಸಿದ್ದರು. ಈ ಜೋಡಿಪದದ ಬಳಕೆಯನ್ನು ಪದಚರಿತ್ರೆ ಬರೆಯುವವರು 1951ರಿಂದ ಗುರುತಿಸುತ್ತಾರೆ.

‘ಜಂಕ್’ ಬೇರೆ ಮಾತು. ಅದು ತೀರ್ಪು, ಬೈಗುಳವೆಂದರೂ ಸರಿ: ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚು, ಪೋಷಣೆ ಕಡಿಮೆ. ಹೆಚ್ಚಿಟ್ಟ ಹಣ್ಣನ್ನು ಕೇಳಿದ ಕೂಡಲೇ ಕೈಗಿತ್ತರೆ ಅದು ಫಾಸ್ಟ್, ಜಂಕ್ ಅಲ್ಲ. ಅರ್ಧ ದಿನ ಒಲೆಯ ಮುಂದೆ ನಿಂತು ಕರಿದದ್ದು ಜಂಕ್ ಆಗಬಹುದು, ಫಾಸ್ಟ್ ಅಂತೂ ಅಲ್ಲ.

ಇನ್ನು ಕನ್ನಡ. ‘ದಿಢೀರ್’ ಪದವನ್ನು ‘ಇನ್‌ಸ್ಟಂಟ್’ ಆಗಲೇ ಹಿಡಿದುಕೊಂಡಿದೆ. ಮನೆಯಲ್ಲೇ ಬಿಸಿನೀರು ಸುರಿದು ಸಿದ್ಧಮಾಡುವುದು ಅದು. ‘ತ್ವರಿತ ಆಹಾರ’ ತಪ್ಪಲ್ಲ, ಆದರೆ ಸುತ್ತೋಲೆಯ ವಾಸನೆ ಹೊಡೆಯುತ್ತದೆ. ಹಸಿದವರಾರೂ ಹಾಗೆ ಕೇಳಿದ್ದನ್ನು ನಾನು ಕಾಣೆ. ‘ಫಾಸ್ಟ್ ಫುಡ್’ ಎಂದೇ ಬರೆಯಿರಿ. ಒಂದು ಎಚ್ಚರ: ಕನ್ನಡದಲ್ಲಿ ‘ಫಾಸ್ಟ್ ಫುಡ್‌ಗೆ ಹೋಗೋಣ’ ಎಂದರೆ ಅಂಗಡಿಗೆ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಅದು ತಿನಿಸು ಮಾತ್ರ. ಅಂಗಡಿ ಎನ್ನಲು ಮುಂದೆ ‘ರೆಸ್ಟೋರೆಂಟ್’ ಸೇರಿಸಿ.